ನಕಲು ಬೇಡವೆಂದ ಗಣಕಗಳ ಕಥೆ

ಅರ್ಜಿ, ಕಚೇರಿ, ದಫ್ತರ, ತಹಸೀಲು, ಅಸಲು, ನಕಲು. ಕಲಬುರಗಿ ಸೀಮೆಯ ರೈತರ ಬಾಯಲ್ಲಿ ದಿನವೂ ಓಡಾಡುವ ಈ ಮಾತುಗಳು ಹೊರಗಿನಿಂದ ಬಂದವೆಂದರೆ ತಟ್ಟನೆ ನಂಬುವುದು ಕಷ್ಟ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೂ ಇಲ್ಲಿಯ ಕಚೇರಿಗಳ ಭಾಷೆ ಉರ್ದು. ಆಡಳಿತ ಹೋಯಿತು, ಮಾತು ಉಳಿಯಿತು. ಇವುಗಳಲ್ಲಿ ‘ನಕಲು’ ಎಂಬ ಮಾತಿನ ಇತಿಹಾಸ ತುಸು ವಿಚಿತ್ರ. ಅರಬ್ಬಿಯಲ್ಲಿ ಇದರ ಮೂಲ ಅರ್ಥ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಉರ್ದುವಿನಲ್ಲಿ ಸಾರಿಗೆ ಸಾಗಾಣಿಕೆಗೆ ‘ನಕ್ಲ್-ಒ-ಹಮ್ಲ್’ ಎನ್ನುವುದು ಈ ಕಾರಣದಿಂದಲೇ. ಬರಹವನ್ನು ಒಂದು ಕಾಗದದಿಂದ ಇನ್ನೊಂದಕ್ಕೆ ಸಾಗಿಸಿದರೆ ಪ್ರತಿಯಾಗುತ್ತದೆ. ಹೀಗೆ ಸಾಗಣೆಗೂ ಪ್ರತಿಗೂ ಒಂದೇ ಮಾತು ಗಂಟುಬಿತ್ತು.

ಗಣಕಯಂತ್ರದ ಒಳಗೂ ಈ ಎರಡು ಕೆಲಸಗಳು ಬಹುಕಾಲ ಒಂದೇ ಆಗಿದ್ದವು. ಮಾಹಿತಿಯನ್ನು ಇಲ್ಲಿಂದ ಅಲ್ಲಿಗೆ ಕಳಿಸುವುದೆಂದರೆ ಅದರ ಪ್ರತಿ ಮಾಡುವುದು. ಕಳೆದ ಮೂರು ದಶಕಗಳಿಂದ ತಂತ್ರಜ್ಞರು ಈ ಗಂಟನ್ನು ಬಿಚ್ಚುತ್ತ ಬಂದಿದ್ದಾರೆ: ಸಾಗಿಸಬೇಕು, ಆದರೆ ಪ್ರತಿ ಮಾಡಬಾರದು. ಇದಕ್ಕೆ ‘ಜೀರೋ ಕಾಪಿ’ ಎಂದು ಹೆಸರು. ನಾವು ‘ಶೂನ್ಯ ನಕಲು’ ಎನ್ನಬಹುದು. ನಮ್ಮ ಕೈಯಲ್ಲಿನ ಮೊಬೈಲಿಗೆ ಸಿನಿಮಾ ತಡೆಯಿಲ್ಲದೆ ಹರಿದು ಬರುವುದರ ಹಿಂದೆ ಈ ಉಪಾಯದ ಪಾಲು ದೊಡ್ಡದು. ಓದುವ ಹಕ್ಕು ಮಾತ್ರ ಇದ್ದವನು ಕಡತವನ್ನು ತಿದ್ದಿಬಿಡಬಹುದಾದ ಒಂದು ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದದ್ದೂ ಇದರ ಹಿನ್ನೆಲೆಯಲ್ಲಿಯೇ.

ವಿಷಯ ತಿಳಿಯಲು ತಹಸೀಲು ಕಚೇರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನೇ ತೆಗೆದುಕೊಳ್ಳೋಣ. ಹುಮನಾಬಾದ್ ರಸ್ತೆಯ ಈ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಅದಕ್ಕೆ ಮುಂಚೆ ಕಲಬುರಗಿ ತಾಲ್ಲೂಕಿಗೆ ಸೇರಿತ್ತು. ರೈತನೊಬ್ಬನಿಗೆ ಹಳೆಯ ದಾಖಲೆ ಬೇಕು. ಆತ ಅರ್ಜಿ ಕೊಡುತ್ತಾನೆ. ಗುಮಾಸ್ತರು ದಫ್ತರದ ಕೋಣೆಗೆ ಹೋಗಿ ವಹಿ ತೆಗೆದು, ಬೇಕಾದ ಪುಟದ ನಕಲು ಮಾಡಿ, ಮೊಹರು ಹಾಕಿ ಕೊಡುತ್ತಾರೆ. ಅಸಲು ವಹಿ ಕೋಣೆಯಿಂದ ಆಚೆ ಬರುವುದಿಲ್ಲ. ರೈತ ಆ ನಕಲಿನ ಮೇಲೆ ಗೀಚಲಿ, ಹರಿಯಲಿ, ಚಹಾ ಚೆಲ್ಲಲಿ, ಅಸಲಿಗೆ ಏನೂ ಆಗದು. ಇದರಲ್ಲಿ ಸಮಯ ಹೋಗುತ್ತದೆ, ಕಾಗದ ಹೋಗುತ್ತದೆ, ರೈತನ ಒಂದು ದಿನದ ಕೂಲಿಯೂ ಹೋಗುತ್ತದೆ. ನಕಲಿನ ಹೆಸರಿನಲ್ಲಿ ಜನ ಪಟ್ಟ ಪಾಡು ಸಣ್ಣದಲ್ಲ. ಆದರೂ ನಕಲು ಎಂಬುದು ಕೇವಲ ತಾಪತ್ರಯವಲ್ಲ, ಅದೊಂದು ಗೋಡೆ. ಒಳಗಿನ ಅಸಲಿಗೂ ಹೊರಗಿನ ಕೈಗಳಿಗೂ ನಡುವೆ ಇರುವ ಗೋಡೆ.

ಗಣಕದಲ್ಲಿ ಈ ದಫ್ತರದ ಕೋಣೆಗೆ ‘ಕರ್ನೆಲ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಕರ್ನೆಲ್ ಎಂದರೆ ಸಿಪ್ಪೆಯೊಳಗಿನ ತಿರುಳು. ತೊಗರಿಯ ಕಣಜದಲ್ಲಿರುವ ನಮಗೆ ಹೊಟ್ಟಿನೊಳಗಿನ ಬೇಳೆ ಎಂದರೆ ಬೇಗ ಅರ್ಥವಾದೀತು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದ ಒಳತಿರುಳು ಅದು. ಮೆಮೊರಿ, ಡಿಸ್ಕ್, ಜಾಲಕ್ಕೆ ಜೋಡಿಸುವ ಕಾರ್ಡು ಎಲ್ಲವೂ ಅದರ ಸುಪರ್ದಿಯಲ್ಲಿ. ನಾವು ಬಳಸುವ ಬೇರೆ ತಂತ್ರಾಂಶಗಳೆಲ್ಲ ಕಿಟಕಿಯ ಆಚೆ ನಿಂತ ಅರ್ಜಿದಾರರು. ಇಂದು ಆಂಡ್ರಾಯ್ಡ್ ಮೊಬೈಲುಗಳಲ್ಲಿ, ಜಗತ್ತಿನ ಬಹುಪಾಲು ಸರ್ವರ್‌ಗಳಲ್ಲಿ ಇರುವ ತಿರುಳು ‘ಲಿನಕ್ಸ್’. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ್ದು.

ಈಗ ಸರ್ವರ್ ಒಂದರ ಡಿಸ್ಕಿನಲ್ಲಿರುವ ಚಿತ್ರವೊಂದು ನಿಮ್ಮ ಮೊಬೈಲಿಗೆ ಬರಬೇಕು ಎನ್ನೋಣ. ಹಳೆಯ ಪದ್ಧತಿಯಲ್ಲಿ ಅದು ಡಿಸ್ಕಿನಿಂದ ಕರ್ನೆಲಿನ ಮೆಮೊರಿಗೆ ಬರುತ್ತದೆ, ಅಲ್ಲಿಂದ ಸರ್ವರ್ ತಂತ್ರಾಂಶದ ಮೆಮೊರಿಗೆ ನಕಲಾಗುತ್ತದೆ, ಅಲ್ಲಿಂದ ಕಳಿಸಲೆಂದು ಮತ್ತೆ ಕರ್ನೆಲಿನ ಇನ್ನೊಂದು ಮೂಲೆಗೆ ನಕಲಾಗುತ್ತದೆ, ಕೊನೆಗೆ ಜಾಲದ ಕಾರ್ಡಿಗೆ ಹೋಗುತ್ತದೆ. ನಾಲ್ಕು ಸಾಗಣೆ. ಇದರಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಯಂತ್ರಾಂಶವೇ ಮಾಡಿಕೊಳ್ಳುತ್ತದೆ. ನಡುವಿನ ಎರಡು ನಕಲಿಗೆ ಪ್ರೊಸೆಸರ್ ದುಡಿಯಬೇಕು. ಸರ್ವರ್ ತಂತ್ರಾಂಶ ಆ ಚಿತ್ರವನ್ನು ತೆರೆದೂ ನೋಡುವುದಿಲ್ಲ. ಇತ್ತ ಇಸಿದುಕೊಂಡು ಅತ್ತ ಕೊಡುವುದಷ್ಟೇ ಅದರ ಕೆಲಸ. ಹಾಗಿದ್ದ ಮೇಲೆ ಎರಡು ನಕಲು ಏಕೆ?

ಜಾಲ ನಿಧಾನವಾಗಿದ್ದಾಗ ಈ ಪ್ರಶ್ನೆ ಯಾರನ್ನೂ ಕಾಡಲಿಲ್ಲ. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುತ್ತಿದ್ದ ಈಥರ್‌ನೆಟ್ 1995ರ ಹೊತ್ತಿಗೆ 100ಕ್ಕೆ, 1998ರಲ್ಲಿ 1,000ಕ್ಕೆ ಏರಿತು. ಮೆಮೊರಿಯ ವೇಗ ಆ ಪ್ರಮಾಣದಲ್ಲಿ ಏರಲಿಲ್ಲ. ರಸ್ತೆ ಅಗಲವಾಯಿತು, ಗೋದಾಮಿನ ಬಾಗಿಲು ಇದ್ದಷ್ಟೇ ಇತ್ತು. 1993ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಪೀಟರ್ ಡ್ರುಶೆಲ್ ಮತ್ತು ಲ್ಯಾರಿ ಪೀಟರ್ಸನ್ ‘ಎಫ್-ಬಫ್ಸ್’ ಎಂಬ ವಿಧಾನವನ್ನು ಮುಂದಿಟ್ಟರು. ಮಾಹಿತಿಯನ್ನು ನಕಲು ಮಾಡುವ ಬದಲು ಅದು ಇರುವ ಮೆಮೊರಿ ಪುಟವನ್ನೇ ಇಬ್ಬರಿಗೂ ಕಾಣುವಂತೆ ಮಾಡಿದರೆ ಸಾಕು ಎಂಬುದು ಅದರ ತಿರುಳು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. ವಿಶ್ವವಿದ್ಯಾಲಯ ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಹೆಸರು ಎರಡು, ಊರು ಒಂದೇ. ಗುಲ್ಬರ್ಗದಲ್ಲಿ ಮಳೆ ಸುರಿದರೆ ಕಲಬುರಗಿ ನೆನೆಯದೆ ಇರುತ್ತದೆಯೇ? ಶೂನ್ಯ ನಕಲಿನಲ್ಲಿ ಆಗುವುದು ಇದೇ. ಒಂದೇ ಮೆಮೊರಿ ಪುಟಕ್ಕೆ ಎರಡು ವಿಳಾಸ. ಒಬ್ಬರು ಒಂದು ವಿಳಾಸ ಹಿಡಿದು ತಿದ್ದಿದರೆ ಇನ್ನೊಂದು ವಿಳಾಸ ಹಿಡಿದವರಿಗೂ ತಿದ್ದಿದ್ದೇ ಕಾಣುತ್ತದೆ. ನಕಲಿನಲ್ಲಿ ಹೀಗಾಗದು, ಅಲ್ಲಿ ಊರೇ ಎರಡು.

ಡ್ರುಶೆಲ್ ಮತ್ತು ಪೀಟರ್ಸನ್ ಈ ಅಪಾಯವನ್ನು ಅರಿಯದವರಲ್ಲ. ಕಳಿಸಿದವನ ತಿದ್ದುವ ಹಕ್ಕನ್ನು ಕಿತ್ತುಕೊಳ್ಳಬೇಕೋ ಬೇಡವೋ ಎಂಬುದು ಅವರ ಲೇಖನದ ಮುಖ್ಯ ಚರ್ಚೆಗಳಲ್ಲಿ ಒಂದು. ಹಕ್ಕನ್ನು ಕಿತ್ತುಕೊಳ್ಳಲು ಸಮಯ ಬೇಕು, ಸಮಯ ಉಳಿಸುವುದೇ ಉದ್ದೇಶ. ಹಾಗಾಗಿ ವೇಗ ಬೇಕಾದಾಗ ಹಕ್ಕು ಕಳಿಸಿದವನಲ್ಲಿಯೇ ಉಳಿಯಲಿ, ಪಡೆದವನು ಪುಟ ನಡುವೆ ಬದಲಾದೀತೆಂದು ಎಚ್ಚರದಿಂದಿರಲಿ, ಸಂಶಯವಿದ್ದರೆ ಭದ್ರತೆ ಕೇಳಿ ಪಡೆಯಲಿ ಎಂದು ಅವರು ಏರ್ಪಾಡು ಮಾಡಿದರು. 1999ರಲ್ಲಿ ಡ್ರುಶೆಲ್ ಅವರು ವಿವೇಕ್ ಪೈ ಮತ್ತು ವಿಲ್ಲಿ ಜ್ವೇನೆಪೋಲ್ ಜೊತೆಗೂಡಿ ರೈಸ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ‘ಐಓ-ಲೈಟ್’ನಲ್ಲಿ ನಿಯಮ ಇನ್ನೂ ಬಿಗಿಯಾಯಿತು: ಒಮ್ಮೆ ಬರೆದು ಹಂಚಿಕೊಂಡ ಪುಟವನ್ನು ಮತ್ತೆ ಯಾರೂ ತಿದ್ದುವಂತಿಲ್ಲ. ಗೋಡೆ ಕೆಡವಿದವರು ಗೋಡೆಯ ಕೆಲಸವನ್ನು ಯಾರು ಮಾಡಬೇಕೆಂದು ಬರೆದಿಟ್ಟಿದ್ದರು. ಮುಂದೆ ಬಂದವರು ಉಪಾಯವನ್ನು ತೆಗೆದುಕೊಂಡಷ್ಟು ಶ್ರದ್ಧೆಯಿಂದ ಈ ನಿಯಮವನ್ನು ತೆಗೆದುಕೊಂಡರೆಂದು ಹೇಳಲಾಗದು.

ಕರ್ನಾಟಕಕ್ಕೂ ಈ ಇತಿಹಾಸದಲ್ಲಿ ಒಂದು ಪುಟವಿದೆ. 1980ರ ದಶಕದ ಕೊನೆಯಲ್ಲಿ ಭಾರತ ಕೇಳಿದ ದರ್ಜೆಯ ಕ್ರೇ ಸೂಪರ್ ಕಂಪ್ಯೂಟರನ್ನು ಮಾರಲು ಅಮೆರಿಕ ಒಪ್ಪದೆ ಹೋದಾಗ, 1988ರಲ್ಲಿ ಪುಣೆಯಲ್ಲಿ ವಿಜಯ್ ಭಾಟ್ಕರ್ ನೇತೃತ್ವದಲ್ಲಿ ಸಿ-ಡ್ಯಾಕ್ ಹುಟ್ಟಿತು. 1991ರಲ್ಲಿ ‘ಪರಮ್ 8000’ ಸಿದ್ಧವಾಯಿತು. ಈ ಸಾಲಿನ ‘ಪರಮ್ ಪದ್ಮ’ 2002-03ರಲ್ಲಿ ಬೆಂಗಳೂರಿನ ಸಿ-ಡ್ಯಾಕ್ ಕೇಂದ್ರದಲ್ಲಿ ನೆಲೆಗೊಂಡಿತು. 248 ಪ್ರೊಸೆಸರ್‌ಗಳನ್ನು ಪೋಣಿಸಿದ್ದ ಅದು ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದಾಗಿತ್ತು. 2003ರ ಜೂನ್‌ನಲ್ಲಿ ಜಗತ್ತಿನ 500 ಬಲಿಷ್ಠ ಗಣಕಗಳ ಪಟ್ಟಿಯಲ್ಲಿ 171ನೆಯ ಸ್ಥಾನ ಪಡೆಯಿತು.

ಪತ್ರಿಕೆಗಳು ಆಗ ಲೆಕ್ಕದ ವೇಗವನ್ನು ಕೊಂಡಾಡಿದವು. ಆದರೆ ಇಷ್ಟೊಂದು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಾಗ ನಿಜವಾದ ಅಡಚಣೆ ಲೆಕ್ಕವಲ್ಲ, ಮಾತುಕತೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಲುಪುವವರೆಗೆ ಆ ಇನ್ನೊಬ್ಬರು ಕೈಕಟ್ಟಿ ಕೂರಬೇಕು. ಇದಕ್ಕಾಗಿ ಸಿ-ಡ್ಯಾಕ್ ‘ಪರಮ್‌ನೆಟ್’ ಎಂಬ ತನ್ನದೇ ಜಾಲವನ್ನೂ ‘ಕ್ಷಿಪ್ರ’ ಎಂಬ ಹಗುರವಾದ ಸಂವಹನ ತಂತ್ರಾಂಶವನ್ನೂ ಕಟ್ಟಿಕೊಂಡಿತು. 1997ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ಕಾಂಪ್ಯಾಕ್ ಕಂಪನಿಗಳು ಒಟ್ಟಾಗಿ ರೂಪಿಸಿದ್ದ ‘ವಯಾ’ ಎಂಬ ಮಾನದಂಡಕ್ಕೂ ಪರಮ್‌ನೆಟ್‌ನಲ್ಲಿ ಅವಕಾಶವಿತ್ತು. ವಯಾ ಪದ್ಧತಿಯಲ್ಲಿ ತಂತ್ರಾಂಶ ಮೊದಲು ಕರ್ನೆಲಿನ ಬಳಿ ಹೋಗಿ ತನ್ನ ಮೆಮೊರಿಯ ಇಂತಿಂಥ ಪುಟಗಳನ್ನು ನೋಂದಾಯಿಸುತ್ತದೆ. ಕರ್ನೆಲ್ ಆ ಪುಟಗಳು ಜಾಗ ಬದಲಿಸದಂತೆ ಮೊಳೆ ಹೊಡೆದು ಬಿಡುತ್ತದೆ. ಆಮೇಲೆ ಜಾಲದ ಕಾರ್ಡು ಕರ್ನೆಲಿನ ಹಂಗಿಲ್ಲದೆ ಆ ಪುಟಗಳಿಂದ ನೇರವಾಗಿ ಮಾಹಿತಿ ಎತ್ತಿಕೊಳ್ಳುತ್ತದೆ.

ಇಂಥ ಕಡೆ ಶೂನ್ಯ ನಕಲು ಸಲೀಸಾಗಿ ಸಾಗುವುದಕ್ಕೆ ಕಾರಣವಿದೆ. ಆ ಯಂತ್ರದ ಎಲ್ಲ ಭಾಗಗಳೂ ಒಂದೇ ಲೆಕ್ಕದ ಪಾಲುದಾರರು. ಬಳಸುವವರು ಹೆಸರು ನೋಂದಾಯಿಸಿದ ವಿಜ್ಞಾನಿಗಳು. ಮನೆಮಂದಿಯ ನಡುವೆ ಕಪಾಟಿನ ಬೀಗದ ಕೈ ಓಡಾಡಿದರೆ ಯಾರೂ ಲೆಕ್ಕ ಕೇಳುವುದಿಲ್ಲ. ತೊಂದರೆ ಶುರುವಾದದ್ದು ಅದೇ ಉಪಾಯ ಬಾಡಿಗೆ ವಠಾರಕ್ಕೆ ಬಂದಾಗ. ಇಂಟರ್‌ನೆಟ್ ಸರ್ವರ್ ಎಂದರೆ ವಠಾರವೇ. ಒಂದೇ ಯಂತ್ರದಲ್ಲಿ ನೂರಾರು ಗಿರಾಕಿಗಳ ಜಾಲತಾಣಗಳು, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ.

1999ರಲ್ಲಿ ಲಿನಕ್ಸ್‌ನ 2.2ನೆಯ ಆವೃತ್ತಿಯಲ್ಲಿ ‘ಸೆಂಡ್‌ಫೈಲ್’ ಎಂಬ ಸೌಲಭ್ಯ ಬಂತು. ಈ ಕಡತವನ್ನು ಆ ಜಾಲಕ್ಕೆ ನೀನೇ ಕಳಿಸಿಬಿಡು ಎಂದು ತಂತ್ರಾಂಶ ಕರ್ನೆಲಿಗೆ ಹೇಳಿ ಪಕ್ಕಕ್ಕೆ ನಿಲ್ಲುವ ಏರ್ಪಾಡು. ಇದರ ಫಲವೇನೂ ಅಲ್ಪವಲ್ಲ. ಇಂಥದೇ ಸೌಲಭ್ಯವನ್ನು ಫ್ರೀಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಪಳಗಿಸಿಕೊಂಡ ನೆಟ್‌ಫ್ಲಿಕ್ಸ್ ಕಂಪನಿ 2021ರಲ್ಲಿ ಒಂದೇ ಸರ್ವರ್‌ನಿಂದ ಸೆಕೆಂಡಿಗೆ 400 ಗಿಗಾಬಿಟ್ ಚಿತ್ರ ಹರಿಸಿ ತೋರಿಸಿತು. ಪ್ರತಿ ತುಣುಕನ್ನೂ ಎರಡೆರಡು ಬಾರಿ ನಕಲು ಮಾಡುತ್ತ ಕುಳಿತರೆ ಇದು ಆಗದ ಮಾತು.

2006ರಲ್ಲಿ ಜೆನ್ಸ್ ಆಕ್ಸ್‌ಬೋ ಎಂಬ ಡೆನ್ಮಾರ್ಕಿನ ತಂತ್ರಜ್ಞ ಲಿನಕ್ಸ್‌ಗೆ ‘ಸ್ಪ್ಲೈಸ್’ ಸೇರಿಸಿದರು. ಕರ್ನೆಲಿನಲ್ಲಿ ‘ಪೈಪ್’ ಎಂಬ ಹಳೆಯ ವಸ್ತುವಿದೆ. ಒಂದು ತಂತ್ರಾಂಶ ಈ ತುದಿಯಲ್ಲಿ ಸುರಿದದ್ದನ್ನು ಇನ್ನೊಂದು ಆ ತುದಿಯಲ್ಲಿ ಹಿಡಿದುಕೊಳ್ಳುವ ಕೊಳವೆ. ಅದರೊಳಗೆ ಮಾಹಿತಿಯನ್ನೇ ಸುರಿಯುವ ಬದಲು ಮಾಹಿತಿ ಇರುವ ಪುಟದ ವಿಳಾಸವನ್ನಷ್ಟೇ ದಾಟಿಸುವುದು ಸ್ಪ್ಲೈಸ್. ಅದರ ಜೊತೆಗೇ ಬಂದ ‘ವಿಎಂ-ಸ್ಪ್ಲೈಸ್’ ಎಂಬ ಸಹೋದರನ ಹಣೆಬರಹ ಬೇಗ ಬಯಲಾಯಿತು. ಅರ್ಜಿದಾರ ಕೊಟ್ಟ ವಿಳಾಸ ನಿಜಕ್ಕೂ ಅವನ ಸ್ವಂತ ಮೆಮೊರಿಯದೋ, ಕರ್ನೆಲಿನದೋ ಎಂದು ಒಂದು ಕಡೆ ಪರೀಕ್ಷೆಯೇ ಇರಲಿಲ್ಲ. 2008ರ ಫೆಬ್ರುವರಿಯಲ್ಲಿ ಇದು ಹೊರಬಿದ್ದಾಗ ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರದ ಯಜಮಾನನಾಗುವ ದಾರಿಯೂ ಜೊತೆಗೇ ಪ್ರಕಟವಾಗಿತ್ತು. ತರಾತುರಿಯಲ್ಲಿ ತೇಪೆ ಹಾಕಲಾಯಿತು.

ಆದರೆ ಸ್ಪ್ಲೈಸ್‌ನ ಹೆಸರು ಜಗತ್ತಿಗೆಲ್ಲ ತಿಳಿದದ್ದು 2022ರಲ್ಲಿ. ಆ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಪತ್ತೇದಾರಿ ಕಾದಂಬರಿಗಿಂತ ಕಡಿಮೆಯಿಲ್ಲ.

ಜರ್ಮನಿಯಲ್ಲಿ ಜಾಲತಾಣಗಳಿಗೆ ಜಾಗ ಒದಗಿಸುವ ಕಂಪನಿಯೊಂದರ ತಂತ್ರಜ್ಞ ಮ್ಯಾಕ್ಸ್ ಕೆಲ್ಲರ್‌ಮನ್. 2021ರ ಏಪ್ರಿಲ್‌ನಲ್ಲಿ ಅವರಿಗೊಂದು ದೂರು ಬಂತು. ಗಿರಾಕಿಗಳು ತಮ್ಮ ತಾಣಕ್ಕೆ ಯಾರು ಯಾರು ಬಂದು ಹೋದರೆಂಬ ತಿಂಗಳ ದಾಖಲೆಯನ್ನು ಇಳಿಸಿಕೊಳ್ಳಬಹುದಿತ್ತು. ಹಾಗೆ ಇಳಿಸಿಕೊಂಡ ಕಡತ ಬಿಚ್ಚುತ್ತಿಲ್ಲ, ಕೆಟ್ಟಿದೆ ಎಂಬುದು ದೂರು. ಕೆಲ್ಲರ್‌ಮನ್ ನೋಡಿದರು, ಕೆಟ್ಟಿದ್ದು ನಿಜ. ಕಾರಣ ತಿಳಿಯದೆ ಅದನ್ನು ಸರಿಪಡಿಸಿ ಸುಮ್ಮನಾದರು. ಕೆಲ ತಿಂಗಳ ಬಳಿಕ ಮತ್ತೆ ಅದೇ ದೂರು. ಮತ್ತೆ. ಮತ್ತೆ.

ಕೆಟ್ಟ ಕಡತಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದಾಗ ಒಂದು ವಿಚಿತ್ರ ಕಂಡಿತು. ಡಿಸ್ಕು ಹಾಳಾದರೆ, ಮೆಮೊರಿ ಚಿಪ್ಪು ಕೆಟ್ಟರೆ ಎಲ್ಲೆಂದರಲ್ಲಿ ಕಸ ತುಂಬುತ್ತದೆ. ಇಲ್ಲಿ ಹಾಗಿಲ್ಲ. ಪ್ರತಿ ಕಡತದ ಕೊನೆಯ 8 ಬೈಟುಗಳು ಮಾತ್ರ ತಪ್ಪು, ಎಲ್ಲದರಲ್ಲೂ ಅವೇ 8 ಬೈಟು. ಕೆಟ್ಟದ್ದು ಹೆಚ್ಚಾಗಿ ತಿಂಗಳ ಕೊನೆಯ ದಿನದ ಕಡತವೇ. ಕೆಡುಕಿಗೂ ಪಂಚಾಂಗವುಂಟೇ?

ಆ 8 ಬೈಟುಗಳನ್ನು ಅವರು ಗುರುತು ಹಿಡಿದರು. ಅವು ‘ಜಿಪ್’ ಕಡತದ ಅನುಕ್ರಮಣಿಕೆಯ ಆರಂಭದ ಅಕ್ಷರಗಳು. ಗಿರಾಕಿ ತಿಂಗಳ ದಾಖಲೆ ಕೇಳಿದಾಗ ಅವರ ತಂತ್ರಾಂಶ ದಿನದಿನದ ಕಡತಗಳನ್ನು ಒಂದರ ಹಿಂದೊಂದು ಸ್ಪ್ಲೈಸ್ ಮೂಲಕ, ಅಂದರೆ ನಕಲಿಲ್ಲದೆ, ಪೈಪಿಗೆ ದಾಟಿಸುತ್ತಿತ್ತು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಜಿಪ್‌ನ ಅನುಕ್ರಮಣಿಕೆಯನ್ನು ಅದೇ ಪೈಪಿಗೆ ಸಾಮಾನ್ಯ ರೀತಿಯಲ್ಲಿ ಬರೆಯುತ್ತಿತ್ತು. ಕೊನೆಯ ದಿನದ ಕಡತದ ಬೆನ್ನಿಗೇ ಬರುವುದು ಈ ಅನುಕ್ರಮಣಿಕೆ. ಪೈಪಿಗೆ ಬರೆದದ್ದು ಗಿರಾಕಿಯ ಕಡೆ ಹರಿಯುವುದರ ಜೊತೆಗೆ ಹಿಂದಿನ ಕಡತದ ಮೈಮೇಲೂ ಬಂದು ಕುಳಿತಿದೆ! ಆದರೆ ಈ ತಂತ್ರಾಂಶಕ್ಕೆ ಆ ಕಡತಗಳನ್ನು ಓದುವ ಅನುಮತಿ ಮಾತ್ರ ಇತ್ತು, ಬರೆಯುವ ಅನುಮತಿಯೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ತಪ್ಪು ಕರ್ನೆಲಿನದು ಎಂದು ಹೇಳಲು ಯಾವ ತಂತ್ರಜ್ಞನೂ ಸುಲಭಕ್ಕೆ ಮುಂದಾಗುವುದಿಲ್ಲ. ಬೇಳೆ ಬೇಯದಿದ್ದರೆ ಒಲೆಯನ್ನು ದೂರಬಹುದು, ಬೆಂಕಿಯನ್ನು ದೂರುವವರುಂಟೇ? ಕೆಲ್ಲರ್‌ಮನ್ ಎರಡು ಪುಟ್ಟ ತಂತ್ರಾಂಶ ಬರೆದರು. ಒಂದು, ಕಡತವೊಂದಕ್ಕೆ ‘ಎ’ ಅಕ್ಷರಗಳನ್ನು ತುಂಬುತ್ತ ಹೋಗುವುದು. ಇನ್ನೊಂದು, ಆ ಕಡತವನ್ನು ಪೈಪಿಗೆ ಸ್ಪ್ಲೈಸ್ ಮಾಡಿ, ಆಮೇಲೆ ಪೈಪಿಗೆ ‘ಬಿ’ ಅಕ್ಷರಗಳನ್ನು ಬರೆಯುವುದು. ಕಡತದಲ್ಲಿ ‘ಬಿ’ ಬರಲು ಯಾವ ಕಾರಣವೂ ಇಲ್ಲ. ಆದರೂ ಬಂತು.

ಆದದ್ದು ಇಷ್ಟೇ. ಪೈಪಿನೊಳಗೆ ಸಾಲಾಗಿ ಖಾನೆಗಳಿರುತ್ತವೆ. ಪ್ರತಿ ಖಾನೆಯಲ್ಲಿ ಒಂದು ಪುಟದ ವಿಳಾಸ, ಜೊತೆಗೊಂದು ಚೀಟಿ. ‘ಈ ಪುಟದಲ್ಲಿ ಜಾಗ ಉಳಿದಿದ್ದರೆ ಮುಂದಿನ ಬರಹವನ್ನು ಇಲ್ಲಿಯೇ ಮುಂದುವರಿಸಬಹುದು’ ಎಂದು ಹೇಳುವ ಚೀಟಿ ಅದು. ಪೈಪಿನ ಸ್ವಂತ ಪುಟಕ್ಕೆ ಈ ಚೀಟಿ ಸರಿ. ಸ್ಪ್ಲೈಸ್ ಮೂಲಕ ಬಂದ ಪುಟ ಪೈಪಿನದಲ್ಲ, ಅದು ಡಿಸ್ಕಿನ ಕಡತವನ್ನು ಕರ್ನೆಲ್ ಎಲ್ಲರಿಗಾಗಿ ತೆರೆದಿಟ್ಟುಕೊಂಡ ಅಸಲು ಪುಟ. ಅದನ್ನು ಖಾನೆಯಲ್ಲಿ ಇಡುವಾಗ ಹಿಂದಿನ ಚೀಟಿಯನ್ನು ಕಿತ್ತೆಸೆಯಬೇಕಿತ್ತು. ಕಿತ್ತಿರಲಿಲ್ಲ. ಆದ್ದರಿಂದ ನಂತರ ಬರೆದ ಅಕ್ಷರಗಳು ಅಸಲು ವಹಿಯ ಪುಟಕ್ಕೇ ಇಳಿದವು. ವಹಿ ನೋಡಲು ಮಾತ್ರ ಅನುಮತಿ ಪಡೆದವನು ದಫ್ತರದಲ್ಲೇ ಕುಳಿತು ಅದರಲ್ಲಿ ಬರೆದ ಹಾಗಾಯಿತು. ಬರೆಯುವಾಗ ಅನುಮತಿ ಕೇಳಬೇಕಾದ ಕಾವಲುಗಾರ ಕಡತದ ಬಾಗಿಲಿನಲ್ಲಿದ್ದ. ಇವನು ಬಂದದ್ದು ಪೈಪಿನ ಬಾಗಿಲಿನಿಂದ.

ಈ ತಪ್ಪಿನ ವಂಶಾವಳಿ ಇನ್ನೂ ಸ್ವಾರಸ್ಯದ್ದು. ಚೀಟಿ ಕೀಳದ ಮರೆವು 2016ರಲ್ಲಿಯೇ ಸೇರಿಕೊಂಡಿತ್ತು. ಆಗ ಆ ಬಗೆಯ ಚೀಟಿಯೇ ಇರಲಿಲ್ಲವಾದ್ದರಿಂದ ಯಾರಿಗೂ ಕೇಡಾಗಲಿಲ್ಲ. 2020ರಲ್ಲಿ ಬೇರೆ ಯಾರೋ ಕೋಡ್ ಅಚ್ಚುಕಟ್ಟು ಮಾಡುವಾಗ ಚೀಟಿಯ ಪದ್ಧತಿ ತಂದರು. ಅವರ ಕೆಲಸದಲ್ಲೂ ಬಿಡಿಯಾಗಿ ನೋಡಿದರೆ ತಪ್ಪಿಲ್ಲ. ಎರಡು ನಿರಪರಾಧಿ ಬದಲಾವಣೆಗಳು ಕೂಡಿ ಒಂದು ಅಪರಾಧವಾಯಿತು.

ಕೆಲ್ಲರ್‌ಮನ್ 2022ರ ಫೆಬ್ರುವರಿ 20ರಂದು ಕರ್ನೆಲ್ ಭದ್ರತಾ ತಂಡಕ್ಕೆ ತಿಳಿಸಿದರು. 23ರಂದು ದುರಸ್ತಿಯಾದ ಆವೃತ್ತಿಗಳು ಬಂದವು. ದುರಸ್ತಿ ಎರಡೇ ಸಾಲು. ಮಾರ್ಚ್ 7ರಂದು ವಿಷಯ ಬಹಿರಂಗವಾಯಿತು. ‘ಡರ್ಟಿ ಪೈಪ್’ ಎಂಬ ಹೆಸರು ಅವರದೇ. ಪೀಡೆ ತಟ್ಟಿದ್ದು ಹೊಸ ಕರ್ನೆಲ್ ಇದ್ದ ಯಂತ್ರಗಳಿಗೆ. ಪಿಕ್ಸೆಲ್ 6, ಗ್ಯಾಲಕ್ಸಿ ಎಸ್22ರಂಥ ಆಗಿನ ದುಬಾರಿ ಫೋನುಗಳು ಇದಕ್ಕೆ ಸಿಕ್ಕವು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನಾಲ್ಕು ವರ್ಷದ ಹಿಂದೆ ಕೊಂಡ ಅಗ್ಗದ ಫೋನಿನ ಕರ್ನೆಲ್ ಹಳೆಯದಾದ್ದರಿಂದ ಅದಕ್ಕೆ ಈ ಭಯವಿರಲಿಲ್ಲ!

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವಂಥದ್ದು. ಹೀಗೆ ತಿದ್ದಿದ್ದು ಮೆಮೊರಿಯಲ್ಲಿನ ಪುಟ. ಅದು ಬದಲಾಗಿದೆ ಎಂಬ ಸುಳಿವು ಕರ್ನೆಲಿಗೇ ಇಲ್ಲದ ಕಾರಣ ತಾನಾಗಿ ಡಿಸ್ಕಿಗೆ ಬರೆಯುವುದಿಲ್ಲ. ಬೇರೆ ಕಾರಣದಿಂದ ಆ ಪುಟ ಡಿಸ್ಕಿಗೆ ಹೋದರೆ ಸರಿ, ಇಲ್ಲವಾದರೆ ಯಂತ್ರ ಆರಿಸಿ ಹಚ್ಚಿದಾಗ ತಿದ್ದುಪಡಿ ಮಾಯ. ಮೇಜಿನ ಮೇಲಿನ ವಹಿಯಲ್ಲಿ ಹೊಲದ ಮಾಲೀಕನ ಹೆಸರು ಬದಲಾಗಿ, ಅದರ ಆಧಾರದಲ್ಲಿ ವ್ಯವಹಾರವೂ ನಡೆದು, ಮರುದಿನ ಕಪಾಟಿನಿಂದ ತೆಗೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕನ್ನಡದಲ್ಲಿ ನಕಲು ಬೇರೆ, ನಕಲಿ ಬೇರೆ. ಇಲ್ಲಿ ನಕಲು ಮಾಡದ ಕಾರಣಕ್ಕೇ ಅಸಲು ನಕಲಿಯಾಯಿತು.

ನಮ್ಮ ಸೀಮೆಗೆ ಇದು ದೂರದ ಕಥೆ ಎನ್ನುವಂತಿಲ್ಲ. 2000ದ ನಂತರ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಗ್ರಾಮ ಲೆಕ್ಕಿಗರ ಗಂಟಿನಲ್ಲಿದ್ದ ಅಸಲು ಈಗ ಸರ್ವರ್‌ನಲ್ಲಿದೆ, ಕಮಲಾಪುರದ ರೈತನಿಗೆ ಸಿಗುವುದು ಅದರ ಮುದ್ರಿತ ಪ್ರತಿ. ಜಮೀನಿನ ದಾಖಲೆಯಾಗಲಿ ಬ್ಯಾಂಕಿನ ಖಾತೆಯಾಗಲಿ, ಅಸಲು ಎಂಬುದು ಗಣಕದ ಮೆಮೊರಿ ಪುಟವಾದ ಮೇಲೆ ಆ ಪುಟಕ್ಕೆ ಎಷ್ಟು ವಿಳಾಸಗಳಿವೆ, ಅವು ಯಾರ ಕೈಯಲ್ಲಿವೆ ಎಂಬುದು ಗಣಕ ಪಂಡಿತರಿಗೆ ಮಾತ್ರ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ.

ನಕಲನ್ನು ಉಳಿಸಲು ಹೋಗಿ ಬಿದ್ದ ಇನ್ನೊಂದು ಪ್ರಸಿದ್ಧ ಪೆಟ್ಟು 2016ರ ‘ಡರ್ಟಿ ಕೌ’. ತಿದ್ದುವವರೆಗೆ ಹಂಚಿಕೊಂಡಿರಿ, ತಿದ್ದುವ ಗಳಿಗೆಯಲ್ಲಿ ನಕಲು ಮಾಡಿಕೊಳ್ಳಿ ಎಂಬ ಸೋಮಾರಿ ನಕಲಿನ ಪದ್ಧತಿಯಲ್ಲಿ, ಆ ಗಳಿಗೆಯ ಸಣ್ಣ ಸಂದಿಯಲ್ಲಿ ನುಗ್ಗಿ ಅಸಲನ್ನೇ ತಿದ್ದುವ ದಾರಿ ಅದು. 2007ರಿಂದ ಲಿನಕ್ಸ್‌ನಲ್ಲಿ ಆ ದಾರಿ ತೆರೆದೇ ಇತ್ತು. ಇದರ ಮೂಲವನ್ನು 11 ವರ್ಷ ಹಿಂದೆಯೇ ತಾವು ಮುಚ್ಚಲು ಯತ್ನಿಸಿದ್ದನ್ನೂ ಆ ಯತ್ನ ನಿಲ್ಲದೆ ಹೋದದ್ದನ್ನೂ ದುರಸ್ತಿಯ ಟಿಪ್ಪಣಿಯಲ್ಲಿ ಟೊರ್ವಾಲ್ಡ್ಸ್ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ.

ಜಾಲದ ಕಡೆಯ ಅಪಾಯ ಇನ್ನೊಂದು ಬಗೆಯದು. ಅಲ್ಲಿ ಓದುವವನು ತಂತ್ರಾಂಶವಲ್ಲ, ಕಾರ್ಡು. 2017ರಲ್ಲಿ ಲಿನಕ್ಸ್‌ಗೆ ಬಂದ ಸೌಲಭ್ಯವೊಂದರಲ್ಲಿ ತಂತ್ರಾಂಶ ತನ್ನ ಮೆಮೊರಿಯಿಂದಲೇ ನೇರವಾಗಿ ಕಳಿಸು ಎಂದು ಹೇಳಬಹುದು. ಕರ್ನೆಲ್ ಒಪ್ಪಿಕೊಂಡು ತಕ್ಷಣ ಮರಳುತ್ತದೆ, ಕಾರ್ಡು ಮಾತ್ರ ತನ್ನ ಬಿಡುವಿಗೆ ತಕ್ಕಂತೆ ಪುಟವನ್ನು ಓದುತ್ತದೆ. ಕೆಲಸ ಮುಗಿಯಿತೆಂಬ ರಸೀದಿ ಬರುವವರೆಗೆ ತಂತ್ರಾಂಶ ಆ ಪುಟವನ್ನು ಮುಟ್ಟಬಾರದು. ಮುಟ್ಟಿದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿ ಕಲಬೆರಕೆ ಹೋಗುತ್ತದೆ. ಕರ್ನೆಲಿನೊಳಗೇ ಲೆಕ್ಕ ತಪ್ಪಿ, ಕಾರ್ಡು ಓದುತ್ತಿರುವಾಗಲೇ ಆ ಪುಟ ಬೇರೊಬ್ಬರ ಪಾಲಾದರೆ ಇನ್ನೂ ಕಷ್ಟ. ಬಾಡಿಗೆದಾರ ಮನೆ ಖಾಲಿ ಮಾಡಿದ್ದಾನೆ, ಹೊಸಬರು ಬಂದು ಒಡವೆ ಇಟ್ಟಿದ್ದಾರೆ, ಹಳಬನ ಬಳಿ ಇನ್ನೊಂದು ಕೀಲಿ ಉಳಿದಿದೆ. ಕರ್ನೆಲಿನ ಗಂಭೀರ ದೋಷಗಳಲ್ಲಿ ಈ ಉಳಿದ ಕೀಲಿಯ ಜಾತಿಯವು ಬಹಳ. ಇಷ್ಟೆಲ್ಲ ಪಾಡುಪಟ್ಟರೂ ಸುಮಾರು 10 ಕಿಲೋಬೈಟ್‌ಗಿಂತ ದೊಡ್ಡ ಮಾಹಿತಿಗೆ ಮಾತ್ರ ಇದರಿಂದ ಲಾಭ ಎಂದು ಲಿನಕ್ಸ್‌ನ ಕೈಪಿಡಿಯೇ ಹೇಳುತ್ತದೆ. ಸಣ್ಣ ಪುಟ್ಟದಕ್ಕೆ ಪುಟಗಳ ಲೆಕ್ಕ ಇಡುವುದಕ್ಕಿಂತ ನಕಲು ಮಾಡುವುದೇ ಅಗ್ಗ.

ಕಾರ್ಡನ್ನೇ ನಂಬದಿದ್ದರೆ? ಇಂಥ ಸಾಧನ ಯಾವ ಪುಟ ಮುಟ್ಟಬಹುದು ಎಂದು ಕಾಯುವ ಒಂದು ಯಂತ್ರಾಂಶ ಕಾವಲು ಈಗಿನ ಗಣಕಗಳಲ್ಲಿದೆ. ಅದು ಕಾಯುವುದು ಪುಟದ ಲೆಕ್ಕದಲ್ಲಿ, ಒಂದು ಪುಟವೆಂದರೆ ಸಾಮಾನ್ಯವಾಗಿ 4,096 ಬೈಟು. ಜಾಲದಲ್ಲಿ ಸಾಗುವ ಒಂದು ಪೊಟ್ಟಣ ಸುಮಾರು 1,500 ಬೈಟು. ಉಳಿದ ಜಾಗದಲ್ಲಿ ಬೇರೆಯವರ ಮಾಹಿತಿ ಇರಬಹುದು. ನಿಮ್ಮ ಖಾತೆಯ ಪುಟ ತೋರಿಸಿ ಎಂದರೆ ಅದೇ ಪುಟದಲ್ಲಿರುವ ನೆರೆಯವನ ಖಾತೆಯೂ ಕಾಣುವಂತೆ. ಕೇಂಬ್ರಿಜ್ ಮತ್ತು ರೈಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಸಂಗಡಿಗರೊಡನೆ 2019ರಲ್ಲಿ ‘ಥಂಡರ್‌ಕ್ಲ್ಯಾಪ್’ ಎಂಬ ಹೆಸರಿನಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಜಾಲದ ಕಾರ್ಡಿನ ವೇಷ ಹಾಕಿದ ಸಾಧನವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಕಾವಲಿನ ಕಣ್ಣೆದುರೇ ಒಳಗಿನ ಗುಟ್ಟು ಓದಬಹುದಾಗಿತ್ತು.

ಸ್ಪ್ಲೈಸ್ ತಂದ ಆಕ್ಸ್‌ಬೋ ಅವರೇ 2019ರಲ್ಲಿ ‘ಐಓ-ಯೂರಿಂಗ್’ ತಂದರು. ಅರ್ಜಿದಾರ ಮತ್ತು ಕರ್ನೆಲ್ ಇಬ್ಬರೂ ಒಂದೇ ಮೆಮೊರಿಯಲ್ಲಿ ಕೆಲಸದ ಪಟ್ಟಿ ಹಂಚಿಕೊಳ್ಳುವ ಪದ್ಧತಿ. ಕಿಟಕಿಯ ಬಳಿ ಸಾಲು ನಿಲ್ಲುವ ಗೋಜಿಲ್ಲ. ವೇಗ ಅದ್ಭುತ. ಕರ್ನೆಲಿನ ದೋಷ ಹುಡುಕಿಕೊಟ್ಟವರಿಗೆ ಬಹುಮಾನ ಕೊಡುವ ಗೂಗಲ್ 2023ರ ಜೂನ್‌ನಲ್ಲಿ ಲೆಕ್ಕ ತೆರೆದಾಗ, ಬಂದ 42 ದಾಳಿಗಳಲ್ಲಿ ಶೇ 60ರಷ್ಟು ಇದರ ಮೂಲಕವೇ ನುಸುಳಿದ್ದವು. ಇದೊಂದರ ಬಾಬ್ತೇ ಸುಮಾರು 10 ಲಕ್ಷ ಡಾಲರ್ ಬಹುಮಾನ ಹೋಗಿತ್ತು. ಗೂಗಲ್ ತನ್ನ ಕ್ರೋಮ್ ಗಣಕಗಳಲ್ಲಿ ಇದನ್ನು ಆರಿಸಿತು, ಆಂಡ್ರಾಯ್ಡ್ ಆ್ಯಪ್‌ಗಳಿಗೆ ಎಟುಕದಂತೆ ಮಾಡಿತು, ತನ್ನ ಸರ್ವರ್‌ಗಳಲ್ಲೂ ನಿಲ್ಲಿಸಿತು. ಇದು ಸ್ವಲ್ಪ ಕಠಿಣವೆನಿಸಿದರೂ ವಠಾರದ ಮಾಲೀಕ ಮಾಡಬೇಕಾದ ಕೆಲಸವೆಂದೇ ಹೇಳಬೇಕು. ಎಲ್ಲರಿಗೂ ವೇಗ ಬೇಕಿಲ್ಲ, ಬೀಗ ಮಾತ್ರ ಎಲ್ಲರಿಗೂ ಬೇಕು.

ಭಾಷೆಯನ್ನೇ ಬದಲಿಸೋಣ ಎಂಬ ಪಂಥವೂ ಇದೆ. ಕರ್ನೆಲ್ ಬರೆದಿರುವ ‘ಸಿ’ ಭಾಷೆಯಲ್ಲಿ ಪುಟದ ಒಡೆಯ ಯಾರೆಂಬುದು ಬರೆಯುವವನ ತಲೆಯಲ್ಲಿ ಮಾತ್ರ ಇರುತ್ತದೆ. ‘ರಸ್ಟ್’ ಎಂಬ ಭಾಷೆಯಲ್ಲಿ ಒಡೆತನವನ್ನು ಬರಹದಲ್ಲೇ ಹೇಳಬೇಕು. ಹಲವರು ಓದುತ್ತಿರುವಾಗ ಒಬ್ಬ ತಿದ್ದಲು ಹೊರಟರೆ ತಂತ್ರಾಂಶ ಸಿದ್ಧವಾಗುವ ಮೊದಲೇ ಅದು ತಡೆಯುತ್ತದೆ. 2022ರ ಡಿಸೆಂಬರ್‌ನ 6.1ನೆಯ ಆವೃತ್ತಿಯಿಂದ ಲಿನಕ್ಸ್‌ನಲ್ಲಿ ರಸ್ಟ್‌ಗೆ ಜಾಗ ಸಿಕ್ಕಿದೆ. ಆದರೆ ಕಾರ್ಡಿಗೆ ರಸ್ಟ್ ಬಾರದು. ಪುಟವನ್ನು ಒಮ್ಮೆ ಯಂತ್ರಾಂಶದ ಕೈಗೆ ಕೊಟ್ಟ ಮೇಲೆ ಅದು ಎಷ್ಟು ಹೊತ್ತು ಓದುತ್ತದೆ ಎಂಬುದನ್ನು ಯಾವ ಭಾಷೆಯ ವ್ಯಾಕರಣವೂ ಹೇಳಲಾರದು.

2025ರಲ್ಲಿ ಬಂದ ಲಿನಕ್ಸ್ 6.15ರಲ್ಲಿ ಐಓ-ಯೂರಿಂಗ್‌ಗೆ ಮಾಹಿತಿ ಪಡೆಯುವ ಕಡೆಯೂ ಶೂನ್ಯ ನಕಲಿನ ಸೌಲಭ್ಯ ಸೇರಿದೆ. ಇದರ ಏರ್ಪಾಡು ನೋಡಿದರೆ ಹಳೆಯ ದಫ್ತರದ ಗುಮಾಸ್ತರು ತಲೆದೂಗುತ್ತಿದ್ದರು. ಬರುವ ಪ್ರತಿ ಪೊಟ್ಟಣವನ್ನು ಕಾರ್ಡು ಎರಡಾಗಿ ಸೀಳುತ್ತದೆ. ಎಲ್ಲಿಂದ ಬಂತು, ಯಾರಿಗೆ ಹೋಗಬೇಕು, ಎಷ್ಟನೆಯದು ಎಂಬ ವಿವರವಿರುವ ತಲೆಚೀಟಿ ಕರ್ನೆಲಿನ ಸ್ವಂತ ಮೆಮೊರಿಗೆ ಹೋಗುತ್ತದೆ. ಅದನ್ನು ಅರ್ಜಿದಾರ ತಿದ್ದುವ ಹಾಗಿಲ್ಲ. ಒಳಗಿನ ಸರಕು ಮಾತ್ರ ನಕಲಿಲ್ಲದೆ ನೇರ ಅರ್ಜಿದಾರನ ಪುಟಕ್ಕೆ ಇಳಿಯುತ್ತದೆ. ಇದಕ್ಕೆ ಒಪ್ಪುವ ಕಾರ್ಡು ಬೇಕು, ಅದರಲ್ಲಿ ಈ ಕೆಲಸಕ್ಕೆಂದೇ ಮೀಸಲಾದ ಸಾಲು ಬೇಕು. ಹಾಗೂ ಆ ಸಾಲನ್ನು ತೆರೆಯುವ ಅಧಿಕಾರ ಸಾಮಾನ್ಯ ಬಳಕೆದಾರನಿಗಿಲ್ಲ, ಯಂತ್ರದ ಜಾಲವನ್ನು ನೋಡಿಕೊಳ್ಳುವ ಆಡಳಿತಗಾರನಿಗಷ್ಟೇ.